ಕಣಗಿಲೆ ಕಡಿದ ಮೇಲೆ

ಗುಂಡ್ಲುಪೇಟೆ ಬಳಿಯ ಹಂಗಳ ಎಂಬ ಊರಲ್ಲಿ ಮೊದಲ ದಿನ ಬೀಗದ ಕೈ ಕೊಡುವಾಗ ಮನೆಯೊಡತಿ ದೇವಮ್ಮ ಬಾಡಿಗೆಯ ಮಾತನ್ನೇ ಎತ್ತಲಿಲ್ಲ. "ಆ ಕಣಗ್ಲೆ ಗಿಡ ಒಂದ ಕಡೀಬ್ಯಾಡಿ ಟೀಚ್ರಮ್ಮ. ಇನ್ನೇನಾರ ಮಾಡ್ಕಳಿ" ಎಂದರು. ಅಂಗಳದ ಮೂಲೆಯಲ್ಲಿ ಆಳೆತ್ತರದ ಗಿಡ, ಮೈತುಂಬ ಗುಲಾಬಿ ಬಣ್ಣದ ಹೂ, ಗೇಟಿನವರೆಗೂ ಕಂಪು. ಸಾಮಾನು ತಂದ ಗಾಡಿಯವನು ಮಾತ್ರ ಗೇಟು ದಾಟಿ ಒಳಗೆ ಬರಲೇ ಇಲ್ಲ.

ಅದು ತೊಂಬತ್ತರ ದಶಕದ ಆರಂಭ. ಶಾಲೆಯ ನೌಕರಿ ಸಿಕ್ಕಿತೆಂದು ಗಂಡನನ್ನು ವಿಜಾಪುರದಲ್ಲೇ ಬಿಟ್ಟು, ನಾಲ್ಕು ವರ್ಷದ ಮಗಳು ಶಾಂತಾಳೊಂದಿಗೆ ಬಂದಿದ್ದೆ. ನಮ್ಮ ಬಯಲಲ್ಲಿ ಬರುವವರು ಮೈಲಿ ದೂರದಿಂದಲೇ ಕಾಣುತ್ತಾರೆ. ಇಲ್ಲಿ ಹೊಲ ಮುಗಿದಲ್ಲಿ ಕಾಡು; ಏನು ಬಂದರೂ ಹತ್ತಿರ ಬರುವವರೆಗೆ ತಿಳಿಯದು. ನಾನು ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯ ಮಂಜುಳಾ ಬೇಲಿಯಾಚೆಯಿಂದ ನಗುತ್ತಿದ್ದಳು. ಒಳಗೆ ಕರೆದರೆ ಬರುತ್ತಿರಲಿಲ್ಲ.

ನಮ್ಮೂರಲ್ಲಿ ಸೋಮವಾರ ಶಿವನಿಗೆ ಕಣಗಿಲೆ ಏರಿಸುತ್ತೇವೆ. ಒಂದು ಸೋಮವಾರ ಮಂಜುಳಾಳಿಗೂ ಬೊಗಸೆ ಹೂ ಚಾಚಿದೆ. ಕೈ ಹಿಂದೆಗೆದುಕೊಂಡಳು. "ಆ ಗಿಡದ್ದು ಬ್ಯಾಡ ಬುಡಿ. ದೇವಮ್ಮನ ಗಂಡ ಸೊಪ್ಪು ಕೊಡ್ತಿದ್ದ."

ಪಲ್ಯದ ಸೊಪ್ಪೆಂದುಕೊಂಡೆ. ಇಲ್ಲಿ ಸೊಪ್ಪು ಕೊಡುವುದೆಂದರೆ ನಾಟಿ ಔಷಧಿ ಕೊಡುವುದು ಎಂದು ಆಮೇಲೆ ಅವಳೇ ಬಿಡಿಸಿ ಹೇಳಿದಳು. ಆತ ಕಣಗಿಲೆ ಎಲೆ ಕಾಯಿಸಿ ಕಜ್ಜಿಗೆ ಎಣ್ಣೆ ಮಾಡುತ್ತಿದ್ದ. ಒಬ್ಬ ಹೆಂಗಸು ಅದನ್ನು ಕುಡಿದು ಸತ್ತಳು. ಕುಡಿಯಲು ಹೇಳಿದ್ದೇ ಆತ ಎಂದಿತು ಊರು. ಹಚ್ಚಲು ಹೇಳಿದ್ದೆ ಎನ್ನುತ್ತಲೇ ಆತನೂ ತೀರಿಕೊಂಡ.

ಅಂದೇ ದೇವಮ್ಮನ ಮನೆಗೆ ಹೋದೆ. "ಕಡಸೂಣ್ರಿ ದೇವಮ್ಮಾರ. ಮನ್ಯಾಗ ಸಣ್ಣ ಹುಡುಗಿ ಅದಾಳ."

"ಕಡುದ್ರೆ, ನನ್ ಗಂಡ ತಪ್ಪು ಮಾಡುದ್ರು ಅಂತ ನಾನೇ ಒಪ್ಕಂಡಂಗಾಯ್ತದೆ ಕಣವ್ವ" ಎಂದರು ದೇವಮ್ಮ.

ಗಿಡದ ಸುತ್ತ ಮುಳ್ಳು ಹಾಕಿಸಿದೆ. ನಾನು ಶಾಲೆಯಲ್ಲಿರುವಾಗ ಶಾಂತಾಳನ್ನು ನೋಡಿಕೊಳ್ಳುತ್ತಿದ್ದುದು ದೇವಮ್ಮನೇ. ಬೇರೆ ಯಾರು ಬರುತ್ತಿದ್ದರು? ದಿನವೂ ಶಾಲೆಯಿಂದ ಬಂದೊಡನೆ ಮಗಳ ಅಂಗೈ ಬಿಡಿಸಿ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಬಂದಾಗ ದೇವಮ್ಮ ಜಗಲಿಯ ಮೇಲೆ ತೂಕಡಿಸುತ್ತಿದ್ದರು. ಶಾಂತಾ ಗಿಡದ ಬಳಿ ಕುಳಿತು ವಾಂತಿ ಮಾಡುತ್ತಿದ್ದಳು. ಮುಷ್ಟಿಯಲ್ಲಿ ಮುಳ್ಳಿನ ಸಂದಿಯಿಂದ ಕಿತ್ತು ಕಚ್ಚಿದ ಎಲೆ. ನಾನು ಕಿರುಚಿದೆ. ಗೇಟಿನಾಚೆ ಜನ ಸೇರಿದರು, ಒಳಗೆ ಯಾರೂ ಬರಲಿಲ್ಲ. ಎಚ್ಚೆತ್ತ ದೇವಮ್ಮ ಮಗುವನ್ನೆತ್ತಿಕೊಂಡು ಓಡಿ, ಗುಂಡ್ಲುಪೇಟೆಯ ಬಸ್ಸಿಗೆ ಅಡ್ಡ ನಿಂತರು.

ಆಸ್ಪತ್ರೆಯಲ್ಲಿ ಎರಡು ದಿನ ಮಗಳ ಎದೆಬಡಿತ ತಪ್ಪಿ ತಪ್ಪಿ ನಡೆಯಿತು. ಮೂರನೆಯ ದಿನ ಡಾಕ್ಟರು ಉಳಿದಳು ಎಂದರು. ನಾವು ಮರಳಿದಾಗ ಮೂಲೆ ಬರಿದಾಗಿತ್ತು. ಊರೆಲ್ಲ ನೋಡುತ್ತಿರುವಾಗಲೇ ದೇವಮ್ಮ ಮಚ್ಚು ಹಿಡಿದು ತಾವೇ ಕಡಿದಿದ್ದರಂತೆ.

ಸಂಜೆಯೇ ಮಂಜುಳಾ ಮುದ್ದೆ, ಅವರೆಕಾಳಿನ ಸಾರು ತಂದು ಮೊದಲ ಬಾರಿಗೆ ಒಳಗೆ ಕುಳಿತಳು. "ನೀವೀಗ ನಮ್ಮೋರೆ ಕಣಮ್ಮ" ಎಂದು ಶಾಂತಾಳ ತಲೆ ಸವರಿದಳು. ಮರುಗಳಿಗೆಯೇ, "ನೋಡುದ್ರಾ, ಕೊನೆಗೂ ಒಪ್ಕಂಡ್ಳು" ಎಂದಳು.

ಹಾಗಲ್ಲ, ನನ್ನ ಮಗಳಿಗಾಗಿ ಕಡಿದರು ಎಂದು ಹೇಳಬೇಕಿತ್ತು. ವರ್ಷದ ಒಂಟಿತನದ ಮೇಲೆ ಸಿಕ್ಕ ಊಟ ಅದು, ಮುದ್ದೆ ಮುರಿದು ಸಾರಿಗೆ ಅದ್ದಿದೆ. ಮುಂದೆ ನಲ್ಲಿಯ ಬಳಿ ಹೆಂಗಸರು ನನಗೆ ಜಾಗ ಬಿಡತೊಡಗಿದರು. ನಾವೆಲ್ಲ ಹೋಗುವವರೆಗೆ ದೇವಮ್ಮ ಬಿಂದಿಗೆ ಹಿಡಿದು ದೂರ ನಿಲ್ಲುತ್ತಿದ್ದರು.

ಕೆಲವು ವರ್ಷಗಳ ಮೇಲೆ ವಿಜಾಪುರಕ್ಕೆ ವರ್ಗವಾಯಿತು. ಅಷ್ಟರಲ್ಲಾಗಲೇ, ರಜೆಗೆ ಹೋದಾಗ ಅತ್ತೆಯೆದುರು ಬಾಯಿತಪ್ಪಿ ಹಂಗಳದವರಂತೆ "ಬುಡಿ" ಎಂದರೆ ಎಲ್ಲರೂ ನಗುತ್ತಿದ್ದರು. ವರ್ಗದ ಸುದ್ದಿ ಕೇಳಿ ಮಂಜುಳಾ ಅತ್ತಳು.

ದೇವಮ್ಮ ಮಾತ್ರ, "ಅಲ್ಲಿ ನಿಮ್ಮೋರು ಅಂತ ಅವ್ರಾ?" ಎಂದು ಕೇಳಿದರು.

"ಅವ್ರೆ" ಎಂದೆ.

"ಇಲ್ಲಿ?"

ನಾನು ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟು, ಬರಿದಾದ ಮೂಲೆಯತ್ತ ತಿರುಗಿದೆ.