ಸುತ್ತಿಗೊಂದು ಗೇಣು

ಸೆವ್ಲಿಯೆವೊ ಊರಿನ ಇಗ್ನಾತ್ ಕೋಲೆವ್ ಮೂವತ್ತೆರಡು ವರ್ಷ ಮಾಡಿದ್ದು ಒಂದೇ ಕೆಲಸ: ಟ್ರಕ್ಕುಗಳು ಸುಳ್ಳು ಹೇಳದಂತೆ ನೋಡಿಕೊಳ್ಳುವುದು. ಅವನ ವರ್ಕ್‌ಶಾಪಿನ ಅಂಗಳದಲ್ಲಿ ಇಪ್ಪತ್ತು ಮೀಟರ್ ಉದ್ದದ ಬಿಳಿ ಗೆರೆ ಇತ್ತು. ಬಂದ ಟ್ರಕ್ಕಿನ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಗೆರೆಯ ಮೇಲೆ ಮೆಲ್ಲಗೆ ಉರುಳಿಸಿ, ಒಂದು ಸುತ್ತಿಗೆ ಚಕ್ರ ಎಷ್ಟು ದೂರ ಹೋಯಿತೆಂದು ಅಳೆಯುತ್ತಿದ್ದ. ಆ ಅಂಕಿಯನ್ನು ವೇಗ ಬರೆದಿಡುವ ಪೆಟ್ಟಿಗೆಗೆ ತುಂಬಿ, ಟ್ರಕ್ಕಿನ ಬಾಗಿಲ ಕಂಬಕ್ಕೆ ಅದೇ ಅಂಕಿಯ ಚೀಟಿ ಅಂಟಿಸಿ, ತನ್ನ ನೂರಹದಿನಾಲ್ಕನೇ ನಂಬರಿನ ಸೀಲು ಒತ್ತುತ್ತಿದ್ದ.

ಪೆಟ್ಟಿಗೆಗೆ ರಸ್ತೆ ಏನು ಗೊತ್ತು, ಪಾಪ. ಅದು ಸುತ್ತುಗಳನ್ನು ಎಣಿಸುತ್ತದೆ, ಅಷ್ಟೆ. ಒಂದು ಸುತ್ತೆಂದರೆ ಎಷ್ಟು ದೂರ ಎಂದು ಮನುಷ್ಯನೇ ಹೇಳಿಕೊಡಬೇಕು. ಟ್ರಕ್ಕನ್ನು ತೊಂಬತ್ತರ ಮೇಲೆ ಹೋಗಗೊಡದ ಸ್ಪೀಡ್ ಗವರ್ನರ್ ಕೂಡ ಅದೇ ಮಾತನ್ನು ನಂಬಿಕೊಂಡು ಕೂತಿರುತ್ತದೆ. ಟೈರು ದೊಡ್ಡದಾದರೆ ಸುತ್ತಿಗೆ ಹೆಚ್ಚುಕಡಿಮೆ ಒಂದು ಗೇಣು ಜಾಸ್ತಿ ಓಡುತ್ತದೆ. ಅದನ್ನು ಪೆಟ್ಟಿಗೆಗೆ ಹೇಳದಿದ್ದರೆ ಮೀಟರು ತೊಂಬತ್ತು ಎನ್ನುತ್ತದೆ, ಟ್ರಕ್ಕು ತೊಂಬತ್ತಾರರಲ್ಲಿ ಹೋಗುತ್ತಿರುತ್ತದೆ.

"ಇಗ್ನಾತಣ್ಣ ಹೆಂಡ್ತೀನೂ ಅಳೆದೇ ಮದ್ವೆ ಆಗಿದ್ದು" ಎಂದು ಡ್ರೈವರುಗಳು ನಗುತ್ತಿದ್ದರು. ಅವನಿಗೂ ಆ ಗೇಲಿ ಇಷ್ಟವೇ.

ಡಿಸೆಂಬರ್ ಇಪ್ಪತ್ತು ಇಗ್ನಾಜ್ದೆನ್. ಅಂದು ಹೊಸ್ತಿಲು ದಾಟುವ ಮೊದಲ ಕಾಲು ಯಾರದೋ, ವರ್ಷವಿಡೀ ಆ ಮನೆಗೆ ಅವರದೇ ಕಾಲ್ಗುಣ. ಬಂದವರು ಒಣಕೊಂಬೆಯಿಂದ ಒಲೆ ಕೆದಕಿ ಹರಸಬೇಕು, ಮನೆಯವರು ಅವರನ್ನು ಕಾಯಿಸಬಾರದು, ಬರಿಗೈಲಿ ಕಳಿಸಬಾರದು. ಇಗ್ನಾತನಿಗೆ ಅದು ತನ್ನ ಹೆಸರಿನ ಸಂತನ ಹಬ್ಬವೂ ಹೌದು. ಹನ್ನೊಂದು ವರ್ಷ ಅವನ ವರ್ಕ್‌ಶಾಪಿನ ಹೊಸ್ತಿಲು ಮೊದಲು ದಾಟಿದವನು ಡೋಬ್ರಿ. ಘಟ್ಟದಾಚೆಗೆ ಕಲ್ಲು ಸಾಗಿಸುತ್ತಿದ್ದ ಡ್ರೈವರ್, ಗಾಡಿ ಓಡಿಸುವ ದಿನ ಒಂದು ತೊಟ್ಟೂ ಕುಡಿಯದವನು. ಘಟ್ಟದ ಪ್ರತಿ ತಿರುವಿಗೂ ಅವನ ಕಿಸೆಯ ಪುಸ್ತಕದಲ್ಲಿ ಒಂದೊಂದು ಅಂಕಿ ಇತ್ತು: ಇದಕ್ಕೆ ನಲವತ್ತು, ಅದಕ್ಕೆ ಅರವತ್ತು. ಮೀಟರು ನೋಡಿಯೇ ತಿರುವಿಗೆ ಇಳಿಯುತ್ತಿದ್ದ.

ಹನ್ನೊಂದನೇ ವರ್ಷ ಅವನು ಟ್ರಕ್ಕಿನೊಂದಿಗೇ ಬಂದ. ವರ್ಕ್‌ಶಾಪಿನ ಒಲೆ ಕೆದಕಿ, "ಹಾರಿದ ಕಿಡಿಯಷ್ಟು ಟ್ರಕ್ಕು ಬರ್ಲಿ ನಿನ್ ಅಂಗಳಕ್ಕೆ" ಎಂದು ಹರಸಿದ. ಆಮೇಲೆ, "ಅಣ್ಣಾ, ಮಾಲೀಕ ಟೈರು ಬದಲಾಯ್ಸಿದಾನೆ. ಕ್ವಾರಿ ದಾರಿಗೆ ಅಂತ ದೊಡ್ಡದು ಹಾಕ್ಸಿದಾನೆ. ಒಂಚೂರು ಅಳೆದ್ಬಿಡು" ಎಂದ.

ಗೆರೆಯ ಮೇಲೆ ಮೊಳಕಾಲುದ್ದ ಹಿಮ ಬಿದ್ದಿತ್ತು. ಮನೆಯಲ್ಲಿ ನೆಂಟರು ಕಾಯುತ್ತಿದ್ದರು. ಮೊದಲ ಕಾಲಿನ ಅತಿಥಿಯನ್ನು ಕಾಯಿಸಿದರೆ ವರ್ಷವೆಲ್ಲ ಕಾಯುವುದೇ ಆದೀತೆಂಬ ಭಯ ಬೇರೆ. ಇಗ್ನಾತ್ ಅವನನ್ನು ಒಲೆಯ ಹತ್ತಿರ ಚಹಾ ಕೊಟ್ಟು ಕೂರಿಸಿದ. ಹೊರಗೆ ಹೋಗಿ, ಹಳೆಯ ಚೀಟಿಯ ಅಂಕಿಯನ್ನೇ ಹೊಸ ಚೀಟಿಗೆ ಇಳಿಸಿ ಅಂಟಿಸಿದ. ಸೀಲು ಒತ್ತಿದ. ಹಬ್ಬ ಕಳೆದ ಮೇಲೆ ಕರೆಸಿ ಅಳೆದರಾಯಿತು ಎಂದುಕೊಂಡ.

"ಅಳೆದ್ಯಾ ಅಣ್ಣ?"

"ಆಯ್ತು, ಹೋಗು."

ಹಬ್ಬ ಕಳೆಯಿತು, ಕರೆಸುವುದು ಮರೆತುಹೋಯಿತು. ಫೆಬ್ರವರಿಯಲ್ಲಿ ಡೋಬ್ರಿಯ ಟ್ರಕ್ಕು ಅರವತ್ತರ ತಿರುವೊಂದರಲ್ಲಿ ಕಂದಕಕ್ಕೆ ಬಿದ್ದು, ಕ್ಯಾಬಿನ್ ಒಂದನ್ನು ಬಿಟ್ಟು ಸುಟ್ಟುಹೋಯಿತು, ಡೋಬ್ರಿ ಸತ್ತ. ಪೆಟ್ಟಿಗೆಯಲ್ಲಿ ಅರವತ್ತು ಎಂದೇ ಇತ್ತು. ಅಂದರೆ ನಿಜದಲ್ಲಿ ಅರವತ್ತನಾಲ್ಕು. ನಾಲ್ಕು ಕಿಲೋಮೀಟರಿಗೆ ಮನುಷ್ಯ ಸಾಯುತ್ತಾನೆಯೇ? ಸಾಯದೆಯೂ ಇರಬಹುದು. ಹಿಮ ಇತ್ತು, ಭಾರ ಇತ್ತು. ಇಗ್ನಾತನಿಗೆ ಇವತ್ತಿಗೂ ಗೊತ್ತಿಲ್ಲ, ಆ ಗೊತ್ತಿಲ್ಲದಿರುವುದೇ ಅವನನ್ನು ತಿನ್ನುತ್ತಿರುವುದು.

ತನಿಖೆಯವರು ಬಂದರು. ಅದೇ ದಿನ ಬಯಲಿನ ರಸ್ತೆಯ ಕ್ಯಾಮೆರಾ ಟ್ರಕ್ಕನ್ನು ತೊಂಬತ್ತಾರರಲ್ಲಿ ಹಿಡಿದಿತ್ತು, ಪೆಟ್ಟಿಗೆ ತೊಂಬತ್ತು ಎಂದಿತ್ತು. ಟೈರುಗಳು ಸುಟ್ಟು ತಂತಿಯಾಗಿದ್ದವು, ಮಾಲೀಕ ಬಾಯಿ ಬಿಡಲಿಲ್ಲ. ಕಂಬದ ಚೀಟಿ, ಸೀಲು ಎಲ್ಲ ಸರಿಯಾಗಿದ್ದವು. ಹಾಗಾದರೆ ಡ್ರೈವರೇ ಜೋರಾಗಿ ಓಡಿಸಲು ಮ್ಯಾಗ್ನೆಟ್ ಇಟ್ಟು ಪೆಟ್ಟಿಗೆಯ ಎಣಿಕೆ ಕೆಡಿಸಿದ್ದಾನೆ ಎಂದು ಬರೆದುಕೊಂಡು ಹೋದರು. ಸತ್ತವನು ಎದ್ದು ಬಂದು ಸಾಕ್ಷಿ ಹೇಳುತ್ತಾನೆಯೇ? ಬದುಕಿದ್ದ ಇಗ್ನಾತ್ ಹೇಳಬಹುದಿತ್ತು, ಹೇಳಲಿಲ್ಲ. ಊರಿನ ಬಾಯಲ್ಲಿ ಅವನು 'ಮ್ಯಾಗ್ನೆಟ್ ಡೋಬ್ರಿ' ಆದ.

ಅಂದಿನಿಂದ ದಿನಾ ಬೆಳಗ್ಗೆ, ಹಬ್ಬಕ್ಕೆ ಡೋಬ್ರಿ ಬರುತ್ತಿದ್ದ ಹೊತ್ತಿಗೇ, ಎಂಟಕ್ಕೆ ಕಾಲು ಗಂಟೆ ಇರುವಾಗ ಗೇಟಿನ ಹೊರಗೆ ಏರ್ ಬ್ರೇಕು ಉಸಿರು ಬಿಟ್ಟ ಸದ್ದು. ಇಗ್ನಾತ್ ಹೋಗಿ ನೋಡಿದರೆ ಖಾಲಿ ರಸ್ತೆ. ಗೆರೆಯ ಮೇಲೆ ನಡೆದರೆ ಅವನ ಹೆಜ್ಜೆಯೇ ಅವನು ಅಂದುಕೊಂಡಲ್ಲಿಗಿಂತ ಒಂದು ಗೇಣು ಆಚೆ ಬೀಳುತ್ತಿತ್ತು. ಪ್ರತಿ ಟ್ರಕ್ಕನ್ನೂ ಮೂರು ಮೂರು ಸಲ ಅಳೆಯತೊಡಗಿದ. ಯಾರಾದರೂ ಸುಮ್ಮನೆ ಟೈರಿನ ಮಾತೆತ್ತಿದರೂ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬೆಚ್ಚುತ್ತಿದ್ದ. ಹೆಂಡತಿ ಪೆನ್ಕಾಗೂ ಕಾರಣ ಹೇಳಲಿಲ್ಲ.

ಮತ್ತೆ ಇಗ್ನಾಜ್ದೆನ್ ಬಂತು. ಯಾರ ಕಾಲೂ ಬೇಡ ಎಂದು ಇಗ್ನಾತ್ ವರ್ಕ್‌ಶಾಪಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂತ. ಎಂಟಕ್ಕೆ ಕಾಲು ಗಂಟೆ ಇರುವಾಗ ಬ್ರೇಕಿನ ಉಸಿರು ಕೇಳಿಸಿತು. ಅದು ದಿನದ ಕಾಟ. ಆದರೆ ಅವತ್ತು ಅದರ ಹಿಂದೆಯೇ ಯಾರೋ ಬಾಗಿಲು ಬಡಿದರು. ಎರಡನೇ ಸಲ ಬಡಿದಾಗ ಎದ್ದು ತೆರೆದ.

ಡೋಬ್ರಿಯ ಹೆಂಡತಿ ರಾದ್ಕಾ. ಕೈಯಲ್ಲಿ ಒಣಕೊಂಬೆ, ಚೀಲದಲ್ಲಿ ಅಕ್ರೋಟು.

"ಭಾವ, ಪ್ರತಿ ವರ್ಷ ಅವರು ಇಲ್ಲಿಗೇ ಬರ್ತಿದ್ರು. ನಿಮ್ಮ ಒಲೆ ಸುಮ್ನೆ ಇರಬಾರ್ದು ಅಂತ ಬಂದೆ. ಬೇರೆ ಯಾರ ಮನೆಗೆ ಹೋಗ್ಲಿ ಹೇಳಿ? ಮ್ಯಾಗ್ನೆಟ್ ಡೋಬ್ರಿ ಹೆಂಡ್ತಿ ಕಾಲ್ಗುಣ ಯಾರಿಗೆ ಬೇಕು?"

ಅವಳು ಬಗ್ಗಿ ಒಲೆ ಕೆದಕಿದಳು. ಕಿಡಿ ಹಾರಿದವು. "ಹಾರಿದ ಕಿಡಿಯಷ್ಟು..."

"ಹರಸ್ಬೇಡಮ್ಮ" ಎಂದ ಇಗ್ನಾತ್. ನಿಂತುಕೊಂಡೇ ಎಲ್ಲ ಹೇಳಿದ. ಹಿಮ, ನೆಂಟರು, ಹಳೆಯ ಅಂಕಿ, ಒಂದೂ ಬಿಡಲಿಲ್ಲ.

ರಾದ್ಕಾ ಕೊಂಬೆ ಹಿಡಿದುಕೊಂಡೇ ಇದ್ದಳು. ಹಾಗೆಯೇ ಕೇಳಿದಳು: "ಅವರು ಕೇಳಿದ್ರಾ, ಅಳೆದ್ಯಾ ಅಂತ?"

"ಕೇಳ್ದ."

"ನೀವೇನಂದ್ರಿ?"

"ಆಯ್ತು, ಹೋಗು ಅಂದೆ."

ಮೊದಲ ಕಾಲಿನ ಅತಿಥಿಯನ್ನು ಬರಿಗೈಲಿ ಕಳಿಸುವಂತಿಲ್ಲ. ಇಗ್ನಾತ್ ಕಾಗದ ತೆಗೆದು, ಹೇಳಿದ್ದಷ್ಟನ್ನೂ ಬರೆದು, ಕೆಳಗೆ ರುಜು ಹಾಕಿ, ನೂರಹದಿನಾಲ್ಕನೇ ಸೀಲು ಒತ್ತಿ ಅವಳ ಕೈಗೆ ಕೊಟ್ಟ. ಅವಳು ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದಳು. ಅಕ್ರೋಟು ಹೊರಗೆ ತೆಗೆಯಲಿಲ್ಲ. ಬಾಗಿಲಲ್ಲಿ ಒಮ್ಮೆ ನಿಂತಳು. ಬರ್ತೀನಿ ಎನ್ನಲಿಲ್ಲ, "ಹೋಗ್ತೀನಿ" ಎಂದಳು.

ಆ ಕಾಲ್ಗುಣದ ವರ್ಷ ಹೀಗಿತ್ತು: ಜನವರಿಯಲ್ಲಿ ಇಗ್ನಾತನ ಸೀಲು ಕಿತ್ತುಕೊಂಡರು, ಕೋರ್ಟು ಕರೆಯಿತು, ನೆಂಟರು ಬರುವುದು ನಿಂತಿತು. ಊರು ಮ್ಯಾಗ್ನೆಟ್ ಎನ್ನುವುದನ್ನು ಬಿಟ್ಟು ಮತ್ತೆ ಡೋಬ್ರಿ ಎಂದಷ್ಟೇ ಕರೆಯಿತು. ಹೇಳಿಬಿಟ್ಟರೆ ಕಾಟ ಕಳೆದೀತೆಂದು ಇಗ್ನಾತ್ ಅಂದುಕೊಂಡಿದ್ದ. ಕಳೆಯಲಿಲ್ಲ. ಎಂಟಕ್ಕೆ ಕಾಲು ಗಂಟೆ ಇರುವಾಗ ಬ್ರೇಕು ಉಸಿರು ಬಿಡುತ್ತದೆ. ಅವನು ಹಿಮ ಗುಡಿಸಿ ಗೆರೆ ಬಿಡಿಸಿಟ್ಟಿರುತ್ತಾನೆ. ಸೀಮೆಸುಣ್ಣ ಹಿಡಿದು, ಯಾರೂ ಇಲ್ಲದ ರಸ್ತೆಗೆ ಗೇಟು ತೆರೆದು ಹೇಳುತ್ತಾನೆ: "ಬಾ ಡೋಬ್ರಿ, ಅಳೆಯೋಣ."