ಪೈಲವಾನನ ಮುಂದೆ ಬಿದ್ದವಳು

ಉಡಚವ್ವ ಹಂಸಭಾವಿಯ ಗಂಡನ ಮನೆ ಬಿಟ್ಟು ಓಡಿ ಬಂದಾಗ ಎಡಗಿವಿ ಹರಿದಿತ್ತು. ಗಂಡ ಮಾರೆಪ್ಪ ಓಲೆ ಸಮೇತ ಜಗ್ಗಿದ್ದ. ಇನ್ನು ಯಾವ ಗಂಡಸಿನ ಮುಂದೂ ನೆಲಕ್ಕೆ ಬೀಳುವುದಿಲ್ಲ ಎಂದು ಆಣೆ ಮಾಡಿಯೇ ಅವಳು ಹಾನಗಲ್ಲಿನ ದವಾಖಾನೆಗೆ ನರ್ಸಬಾಯಿ ಕೆಲಸ ಕಲಿಯಲು ಸೇರಿದಳು. ಇದು ೧೯೪೧ರ ಮಾತು.

ಕಲಿಯುವ ಹುಡುಗಿಯರಿಗೆಲ್ಲ ಹೆರಿಗೆ ಕೋಣೆಯೇ ಬೇಕು. ಅಲ್ಲಿ ಬೆಲ್ಲ, ಕುಪ್ಪಸದ ಖಣ, ಬಾಯ್ತುಂಬ ಹರಕೆ. ಮುದುಕರ ಕೋಣೆಯಲ್ಲಿ ಏನಿದೆ, ಉಚ್ಚೆ ಮತ್ತು ಬೈಗುಳ! "ಹೋಗೋ ಜೀವಕ್ಕ ಎಷ್ಟು ಚಾಕರಿ ಮಾಡಿದ್ರೇನು?" ಎನ್ನುತ್ತಿದ್ದಳು ಜೊತೆಗೆ ಕಲಿಯುವ ಶೇಖವ್ವ. ಉಡಚವ್ವಳೂ ಹೂಂಗುಟ್ಟುತ್ತಿದ್ದಳು.

ಆ ಕೋಣೆಯಲ್ಲಿದ್ದವನು ಸವಣೂರಿನ ಹಳೆಯ ಪೈಲವಾನ ಕರಬಸಪ್ಪ. ಅರಳು ಮರಳಾಗಿ ಹೆಸರು ಮರೆತಿದ್ದ, ಮಾತು ಮರೆತಿದ್ದ, ಕುಸ್ತಿ ಮಾತ್ರ ಮರೆತಿರಲಿಲ್ಲ. ಮೈ ಒರೆಸಲು ಮುಟ್ಟಿದವರೆಲ್ಲ ಅವನಿಗೆ ಎದುರಾಳಿಗಳೇ. ಶೇಖವ್ವಳ ಮಣಿಕಟ್ಟು ಲಟಕ್ಕನೆ ಮುರಿದ. ಮುಂದಿನ ಸರದಿ ಉಡಚವ್ವಳದು.

"ಈ ಕೋಣಿ ಮುಗಿಸಿದ್ರ ಹೆರಿಗಿ ಕೋಣಿ. ಇಲ್ಲಂದ್ರ ಗಂಟುಮೂಟಿ ಕಟ್ಟು" ಎಂದಿದ್ದಳು ದೊಡ್ಡ ನರ್ಸಬಾಯಿ ಸುಶೀಲವ್ವ. ಗಂಟು ಕಟ್ಟಿದರೆ ಮಾರೆಪ್ಪನ ಹೊಸ್ತಿಲೇ ಗತಿ.

ಒದ್ದೆ ಬಟ್ಟೆ ತಾಗಿದ್ದೇ ತಡ, ಮುದುಕ ಎದ್ದು ಅವಳ ಕುತ್ತಿಗೆ ಹಿಡಿದು, ಕಾಲಿಗೆ ಕಾಲು ಕೊಟ್ಟು, ಸೊಂಟ ತಿರುವಿದ. ಅವಳು ಗೋಡೆಗೆ ಒತ್ತಿಕೊಂಡು ಸೆಣಸಿದಳು. ತುಟಿ ಒಡೆದು ಬಾಯ್ತುಂಬ ರಕ್ತ. ಉಸಿರು ಕಟ್ಟಿದಾಗ ತೀರಿಹೋದ ಅಣ್ಣನ ಗರಡಿ ಮನೆ ನೆನಪಾಯಿತು: ಬೆನ್ನು ಮಣ್ಣಿಗೆ ಹತ್ತಿದವನನ್ನು ಪೈಲವಾನ ಮತ್ತೆ ಮುಟ್ಟುವುದಿಲ್ಲ. ಆಣೆ ಮುರಿಯುವುದಕ್ಕಿಂತ ಕುತ್ತಿಗೆ ಮುರಿದರೇ ವಾಸಿ ಎನಿಸಿತು. ಆದರೂ ಮೈ ಸಡಿಲ ಬಿಟ್ಟು ಅಂಗಾತ ಬಿದ್ದಳು. ಮುದುಕ ಕೈ ಬಿಟ್ಟ. ತೊಡೆ ತಟ್ಟಿ ಮಂಚದ ಮೇಲೆ ಕುಳಿತು, ಗೆದ್ದವನ ಗತ್ತಿನಲ್ಲಿ ಮೈ ಒಡ್ಡಿದ. ಉಡಚವ್ವ ಸಿಟ್ಟಿಗೆ ಅಳುತ್ತಲೇ ಒರೆಸಿದಳು.

ಅಂದಿನಿಂದ ದಿನಾ ಒಂದು ಸೋಲು.

ಯುಗಾದಿಯ ಮುನ್ನಾದಿನ ಮಾರೆಪ್ಪ ಆ ಕೋಣೆಗೇ ನುಗ್ಗಿ ಅವಳ ಜಡೆ ಹಿಡಿದ. "ನಡಿ ಮನಿಗೆ! ಕಂಡವರ ಉಚ್ಚಿ ಬಳಿಯಾಕ ನಿನ್ನ ಕಟಗೊಂಡೇನೇನು?" ಎಂದು ತುಟಿ ಒಡೆಯುವಂತೆ ಮುಖಕ್ಕೆ ಗುದ್ದಿದ. ದಿನಾ ಬಿದ್ದು ಬಿದ್ದು ಅವಳ ಮೈಗೇ ಪಾಠವಾಗಿತ್ತು. ಅವನ ಕುತ್ತಿಗೆ ಹಿಡಿದು, ಕಾಲಿಗೆ ಕಾಲು ಕೊಟ್ಟು, ಸೊಂಟ ತಿರುವಿದಳು. ಮಾರೆಪ್ಪ ಕಲ್ಲುನೆಲಕ್ಕೆ ಅಂಗಾತ ಅಪ್ಪಳಿಸಿದ. ಹೆಗಲು ಕಳಚಿ ಕೈ ಜೋತಾಡಿತು. ಅವಳು ಅವನ ಗಂಟಲು ಒತ್ತುತ್ತಲೇ ಇದ್ದಳು.

ತಿಂಗಳುಗಟ್ಟಲೆ ಬಾಯಿ ಬಿಡದಿದ್ದ ಮುದುಕ ಮಂಚದಿಂದ ಗುಡುಗಿದ: "ಚಿತ್ ಆತು! ಬಿಡವಾ, ಇನ್ನ ಮುಟ್ಟಬ್ಯಾಡ!"

ಅವಳು ಬಿಟ್ಟಳು. ಎದ್ದು ಓಡಿದ ಮಾರೆಪ್ಪ ತಿರುಗಿ ಹಾನಗಲ್ಲಿಗೆ ಕಾಲಿಡಲಿಲ್ಲ.

ಸುಶೀಲವ್ವ ಹೆರಿಗೆ ಕೋಣೆಗೆ ಕರೆದಾಗ, "ಬ್ಯಾಡ್ರಿ ಅಕ್ಕಾರ, ನಾ ಇಲ್ಲೇ ಇರ್ತೇನಿ" ಎಂದಳು.

ಮರುದಿನ ಒದ್ದೆ ಬಟ್ಟೆ ಹಿಡಿದು ಹೋದಾಗ ಮುದುಕನಿಗೆ ನಿನ್ನೆಯದೇನೂ ನೆನಪಿಲ್ಲ, ಸೀದಾ ಕುತ್ತಿಗೆಗೆ ಕೈ ಹಾಕಿದ. ಅವನನ್ನು ಕೆಡವುವ ಪಟ್ಟು ಈಗ ಅವಳಿಗೂ ಬರುತ್ತಿತ್ತು. ಒಡೆದ ತುಟಿಯಲ್ಲೇ ನಕ್ಕು, ಉಡಚವ್ವ ಅಂಗಾತ ಬಿದ್ದಳು.