ರವಿವಾರದ ನಡುಕ

ದೇವರಗುಡ್ಡದ ಮೈಲಾರಲಿಂಗನನ್ನು ನಂಬಿದ ನನ್ನ ಬಾಂಧವರಿಗೆ ಇದನ್ನು ಬರೆಯುತ್ತಿದ್ದೇನೆ. 2006ರ ಬೇಸಿಗೆಯ ಒಂದು ರವಿವಾರ, ಬ್ಯಾಡಗಿಯ ನಮ್ಮ ಮನೆಯಲ್ಲಿ, ನನ್ನ ಅಣ್ಣ ನನ್ನ ಹೆಂಡತಿ ಶಾಂತಾಳನ್ನು ಬೆತ್ತದಿಂದ ಹೊಡೆಯುತ್ತಿದ್ದ. ಆ ಸಪ್ಪಳ ಇನ್ನೂ ನನ್ನ ಕಿವಿಯಲ್ಲಿದೆ.

ಶಾಂತಾಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಹೊದಿಕೆಯನ್ನು ದೇಹವೇ ಹಾಳುಮಾಡುವ ರೋಗ. ಹೋದಂತೆ ಮಾಡಿ ಮತ್ತೆ ಮರುಕಳಿಸುತ್ತದೆ. ಮೊದಲು ಬಲಗಣ್ಣು ಮಂಜಾಗಿ, ಮತ್ತೆ ಸರಿಯಾಯಿತು. ಆರು ತಿಂಗಳ ನಂತರ ಕಾಲುಗಳ ಬಲ ಹೋಯಿತು. ಹುಬ್ಬಳ್ಳಿಯ ವೈದ್ಯರು ವಾರಕ್ಕೊಂದು ಇಂಟರ್ಫೆರಾನ್ ಸೂಜಿ ಬರೆದುಕೊಟ್ಟರು.

"ರೋಗ ಪೂರ್ತಿ ಹೋಗೂದಿಲ್ರಿ. ಮತ್ತ ಮತ್ತ ಬರೂದು ಕಡಿಮಿ ಆಗಬಹುದು. ಎಲ್ಲಾರಿಗೂ ಒಂದ ನಮೂನಿ ಹತ್ತೂದಿಲ್ಲ. ಬಿಡದಂಗ ಹಾಕ್ರಿ, ನೋಡೂಣು" ಎಂದರು.

ಔಷಧವನ್ನು ಐಸ್ ತುಂಬಿದ ಥರ್ಮಾಸಿನಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದೆ. ನನ್ನ ಕೆಲಸ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ. ರಜೆ ರವಿವಾರ ಮಾತ್ರ. ಹೀಗಾಗಿ ಅಂದೇ ಮಧ್ಯಾಹ್ನ ಸೂಜಿ ಹಾಕುತ್ತಿದ್ದೆ. ಸಂಜೆಗೆ ಅವಳಿಗೆ ಚಳಿಜ್ವರ ಬಂದು ಮೈಯೆಲ್ಲ ನಡುಗುತ್ತಿತ್ತು. ಅದು ಔಷಧದ ಗುಣವೆಂದು ವೈದ್ಯರು ಹೇಳಿದ್ದರು. ಅಣ್ಣನಿಗೆ ನಾನು ಹೇಳಿರಲಿಲ್ಲ. ರವಿವಾರ ಮೈಲಾರನ ವಾರ. ದೇವರ ವಾರ ತಡೆಯಲಾರದೆ ಅವಳೊಳಗಿನ ದೆವ್ವ ನಡುಗುತ್ತಿದೆ ಎಂದೇ ಅವನು ನಂಬಿಬಿಟ್ಟಿದ್ದ.

ಆ ಸಂಜೆ ಜ್ವರದ ಗುಳಿಗೆ ತರಲು ಹೋಗಿ ಮರಳಿದರೆ ಒಳಗಿನಿಂದ ಚಿಲಕ ಹಾಕಿತ್ತು. ಮೆಣಸಿನಕಾಯಿ ಸುಟ್ಟ ಘಾಟು ಹೊರಗೆ ಬರುತ್ತಿತ್ತು. ಭುಜದಿಂದ ಗುದ್ದಿ ಬಾಗಿಲು ಮುರಿದೆ. ಅಣ್ಣ ಅವಳ ಕೂದಲು ಹಿಡಿದು ಮುಖವನ್ನು ಕೆಂಡದ ಹೊಗೆಗೆ ಒತ್ತಿದ್ದ. ಬೆನ್ನ ಮೇಲೆ ರವಿಕೆ ಹರಿದು ರಕ್ತ ಒಸರುತ್ತಿತ್ತು.

"ಅಣ್ಣಾ, ಬಿಡು. ಸಾಯ್ತಾಳ."

"ನೀ ಕಲತಾಂವ, ದೂರ ನಿಲ್ಲು. ಹೆಸರು ಹೇಳೂತನಕ ಬಿಡೂದಿಲ್ಲ ಇದನ್ನ."

"ನಾ ಶಾಂತಾ ಅದೀನ್ರಿ, ಭಾವಾ" ಎಂದಳು ಅವಳು.

"ಸುಳ್ಳ ಹೇಳತೈತಿ" ಎಂದು ಮತ್ತೆ ಹೊಡೆದ. ಅಡ್ಡ ಹೋದ ನನ್ನ ಬಾಯಿಗೆ ಗುದ್ದಿದ. ನಾನು ಅವಳ ಮೇಲೆ ಬಿದ್ದು ಕೂಗಿದೆ: "ಮೈಲಾರಲಿಂಗಾ, ನಿನ್ನ ವಾರದ ದಿನಾನ ಇಕಿನ್ನ ಕೊಲ್ಲಾಕತ್ತಾರ, ನೋಡು."

ಮುರಿದ ಬಾಗಿಲಲ್ಲಿ ಗೊರವಯ್ಯ ನಿಂತಿದ್ದ. ಕರಿ ಕಂಬಳಿ ತೊಟ್ಟು ಮೈಲಾರನ ಸೇವೆ ಮಾಡುವ ಮುದುಕ. ದೆವ್ವವನ್ನು ಮಾತಾಡಿಸಲು ಅವನನ್ನು ಅಣ್ಣನೇ ಕರೆಸಿದ್ದ. ಇನ್ನು ಅವಳು ಉಳಿಯುವುದಿಲ್ಲ ಎಂದುಕೊಂಡೆ. ಭಂಡಾರದ ಅರಿಶಿನ ಹಚ್ಚಲು ಅವಳ ಹಣೆ ಮುಟ್ಟಿದವನು ಕೈಯನ್ನು ಅಲ್ಲೇ ಇಟ್ಟ.

"ಇದು ಜ್ವರ ಐತೋ."

"ಬರೇ ರವಿವಾರಕ್ಕ ಬರತೈತಿ, ಅಜ್ಜಾ" ಎಂದ ಅಣ್ಣ.

"ಮೂವತ್ತು ವರ್ಷದಿಂದ ನನ್ನ ಮೈಮ್ಯಾಲ ದೇವರು ಬರತಾನ. ಬಂದ್ರ ಹೆಂಗಿರತೈತಿ ಅಂತ ನೀ ನನಗ ಕಲಸ್ತೀಯೇನು? ಬೆತ್ತ ಕೊಡು. ಇಲ್ಲಾ, ಮೊದಲ ನನ್ನ ಹೊಡಿ."

ಅಣ್ಣನ ಕೈ ಇಳಿಯಿತು. ಗೊರವಯ್ಯ ಕೊಡದಲ್ಲಿದ್ದ ನೀರನ್ನು ಕೆಂಡದ ಮೇಲೆ ಸುರಿದ.

ಈಗ ಮೂರು ವರ್ಷ. ಒಂದು ವಾರವೂ ಸೂಜಿ ತಪ್ಪಿಸಿಲ್ಲ. ಜ್ವರದ ಗುಳಿಗೆಯನ್ನು ಸೂಜಿಗೆ ಮೊದಲೇ ಕೊಡುತ್ತೇನೆ. ರೋಗ ಒಮ್ಮೆ ಮಾತ್ರ, ಹಗುರವಾಗಿ, ಮರುಕಳಿಸಿದೆ. "ನಿಮ್ಮ ಮನಿಯವರಿಗೆ ಔಷಧ ಹತ್ತೇತ್ರಿ" ಎಂದಿದ್ದಾರೆ ವೈದ್ಯರು. ಆ ಔಷಧ ಕೆಲಸ ಮಾಡಲು ಅವಳನ್ನು ಜೀವಂತ ಉಳಿಸಿಕೊಟ್ಟವನು ಮೈಲಾರಲಿಂಗ.

ಬಾಂಧವರೇ, ನಿಮ್ಮ ಮನೆಯಲ್ಲಿ ಯಾರಾದರೂ ನಡುಗಿದರೆ ಮೊದಲು ಹಣೆ ಮುಟ್ಟಿ ನೋಡಿ. ಅಂದು ಸ್ವಾಮಿ ಗೊರವಯ್ಯನ ರೂಪದಲ್ಲಿ ಬಂದು ಮಾಡಿದ್ದೂ ಅಷ್ಟೇ.